ಪಗಾರ ಘಟ್ಟ ಹತ್ತಿ ಬಂದದ್ದು

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಮನೆ ಕಟ್ಟುತ್ತಿರುವ ಯಾವ ಜಾಗದಲ್ಲಿ ನಿಂತರೂ ಸ್ವಲ್ಪ ಹೊತ್ತಿಗೆ ಲ್ಯಾಟಿನ್ ಕಿವಿಗೆ ಬೀಳುತ್ತದೆ. ಕಲಸಿದ ಸಿಮೆಂಟು ತುಂಬಿ ತಲೆಯ ಮೇಲೆ ಹೊರುವ ಕಬ್ಬಿಣದ ಬುಟ್ಟಿ ಘಮೇಲಿ. ಅದು ಪೋರ್ಚುಗೀಸರ ಗಾಮೆಲಾ. ಅದರ ಹಿಂದೆ ರೋಮನ್ನರ ಕುಡಿಯುವ ಬಟ್ಟಲು, ಕಾಮೆಲ್ಲಾ. ಓಳಂಬಿ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ಗೋಡೆ ನೋಡುವವನು ಮಿಸ್ತ್ರಿ: ಪೋರ್ಚುಗೀಸಿನ ಮೆಸ್ತ್ರೆ, ಲ್ಯಾಟಿನ್ನಿನ ಮಾಗಿಸ್ತೆರ್, ಅಂದರೆ ಗುರು. ಸಿಮೆಂಟು ಚೀಲ ಇಟ್ಟ ಕೋಣೆಯ ಚಾವಿ ಅವನ ಸೊಂಟದಲ್ಲಿ. ಅದೂ ಕ್ಲಾವಿಸ್ ಎಂಬ ಲ್ಯಾಟಿನ್ ಕೀಲಿಯೇ. ವಾರದ ಕೊನೆಗೆ ಆತ ಹಜೇರಿ ಪುಸ್ತಕ ಬಿಚ್ಚಿ, ಗೆರೆ ಎಳೆದ ದಿನಗಳನ್ನು ಎಣಿಸಿ, ಮುಂಚೆ ಕೊಟ್ಟ ಮುಂಗಡ ಕಳೆದು, ಬೆರಳು ಒದ್ದೆ ಮಾಡಿಕೊಂಡು ನೋಟು ಹಂಚುತ್ತಾನೆ. ಹಂಚುವುದು ಪಗಾರ.

ಪಗಾರ ಅಂದರೆ ಮರಾಠಿ ಮಾತು ಎಂದು ತಿಳಿದವರೇ ಬೆಳಗಾವಿಯಲ್ಲಿ ಹೆಚ್ಚು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರು 'ಸಂಬಳ ಅನ್ನಿ' ಎಂದು ತಿದ್ದುವುದೂ ಉಂಟು. ಹಾಗೆ ನೋಡಿದರೆ ಸಂಬಳವೂ ಸಂಸ್ಕೃತದ ಶಂಬಲದಿಂದ ಬಂದದ್ದು, ದಾರಿಯ ಬುತ್ತಿ ಎಂಬ ಅರ್ಥದಲ್ಲಿ. ಇನ್ನು ಪಗಾರ ಮರಾಠಿಯ ಸ್ವಂತ ಸೊತ್ತೂ ಅಲ್ಲ. ಗೋವೆಯ ಅಸಗಾಂವದಲ್ಲಿ 1855ರಲ್ಲಿ ಹುಟ್ಟಿದ ಪಾದ್ರಿ ಸೆಬಾಸ್ಟಿಯಾಂವ್ ರೊಡಾಲ್ಫೊ ದಾಲ್ಗಾದೊ ಏಷ್ಯಾದ ಭಾಷೆಗಳಲ್ಲಿ ಕರಗಿಹೋದ ಪೋರ್ಚುಗೀಸ್ ಪದಗಳನ್ನು ಒಂದೊಂದಾಗಿ ಹೆಕ್ಕಿ 1913ರಲ್ಲಿ ದೊಡ್ಡ ಗ್ರಂಥ ಮಾಡಿದ. ಬರೋಡಾದಿಂದ 1936ರಲ್ಲಿ ಅದು ಇಂಗ್ಲಿಷಿಗೂ ಬಂತು. ಅದಕ್ಕೂ ಮುಂಚೆ, 1886ರಲ್ಲಿ, ಯೂಲ್ ಮತ್ತು ಬರ್ನೆಲ್ ತಮ್ಮ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಪಗಾರವನ್ನು ಮುಂಬಯಿಯ ಮನೆವಾರ್ತೆಯ ಮಾತೆಂದು ದಾಖಲಿಸಿದ್ದರು. ಪಗಾರ್ ಎಂದರೆ ಪೋರ್ಚುಗೀಸಿನಲ್ಲಿ ಹಣ ಕೊಡು, ಸಲ್ಲಿಸು ಎಂಬ ಕ್ರಿಯಾಪದ. ಇಂಗ್ಲಿಷಿನ 'ಪೇ' ಅದರ ಒಡಹುಟ್ಟು.

ಇಬ್ಬರ ತಾಯಿಯೂ ಲ್ಯಾಟಿನ್ನಿನ ಪಾಕಾರೆ. ಪಾಕ್ಸ್ ಎಂದರೆ ಶಾಂತಿ; ಪಾಕಾರೆ ಎಂದರೆ ಶಾಂತಗೊಳಿಸು, ಸುಮ್ಮನಾಗಿಸು. ರೋಮನ್ನರ ಕಾಲದಲ್ಲಿ ಈ ಕ್ರಿಯಾಪದಕ್ಕೆ ಹಣದ ವಾಸನೆಯೇ ಇರಲಿಲ್ಲ, ರಕ್ತದ್ದಿತ್ತು. ಜೂಲಿಯಸ್ ಸೀಸರ್ ಗಾಲ್ ದೇಶವನ್ನು ಕತ್ತಿಯಿಂದ ಮಣಿಸಿ, ಅದನ್ನು ವರ್ಣಿಸಲು ಬಳಸಿದ್ದು ಇದನ್ನೇ. ಸಾಮ್ರಾಜ್ಯ ಬಿದ್ದುಹೋಗಿ, ಕತ್ತಿಯ ಜಾಗಕ್ಕೆ ಸಾಲಪತ್ರ ಬಂದ ಮಧ್ಯಯುಗದಲ್ಲಿ ಅರ್ಥ ಹೊರಳಿತು. ಬಾಗಿಲಲ್ಲಿ ನಿಂತು ಗದ್ದಲ ಮಾಡುವ, ಸಾಲ ಕೊಟ್ಟವನನ್ನು ಸಮಾಧಾನ ಮಾಡುವುದು ಪಾಕಾರೆ ಆಯಿತು. ಅವನು ಸಮಾಧಾನ ಆಗುವುದು ಒಂದೇ ರೀತಿಯಲ್ಲಿ. ಹಳೆಯ ಫ್ರೆಂಚ್‌ನಲ್ಲಿ ಪೈಯೆರ್ ಆಗಿ, ನಾರ್ಮನ್ನರ ಹಿಂದೆ ಇಂಗ್ಲೆಂಡಿಗೆ ಹೋಗಿ, 13ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷ್ ಕ್ರಿಯಾಪದವಾಯಿತು. ಅಲ್ಲಿಯೂ ಮೊದಮೊದಲು ಮೆಚ್ಚಿಸು, ತಣಿಸು ಎಂಬ ಅರ್ಥವೇ ಜೊತೆಯಲ್ಲಿತ್ತು. ಕಾಲ ಸರಿದಂತೆ ಹಣವೊಂದೇ ಉಳಿಯಿತು. ಪೋರ್ಚುಗೀಸಿನಲ್ಲಿ ಮಾತ್ರ ಹಳೆಯ ಅರ್ಥದ ಒಂದು ತುಣುಕು ಇನ್ನೂ ಬದುಕಿದೆ: ಅಪಗಾರ್ ಅಂದರೆ ದೀಪ ಆರಿಸು. ಉರಿಯುತ್ತಿರುವುದನ್ನು ಸುಮ್ಮನಾಗಿಸುವುದು.

ಇಂಗ್ಲಿಷ್ ಕಲಿತವರಿಗೆ ಇದು ನಿಘಂಟಿನ ಮೂಲೆಯ ಸಂಗತಿ. ಬೆಳಗಾವಿ ಸೀಮೆಯ ಚರಿತ್ರೆ ಓದಿದವರಿಗೆ ಹಾಗಲ್ಲ. ಇಲ್ಲಿ ಸಂದಾಯ ಎಂಬುದು ಬಹುಕಾಲ ನಡೆದದ್ದೇ ಯಾರನ್ನಾದರೂ ಸುಮ್ಮನಾಗಿಸಲಿಕ್ಕೆ, ಅಥವಾ ಯಾರನ್ನಾದರೂ ಸುಮ್ಮನಾಗಿಸುವ ಬಂಟನನ್ನು ಸಾಕಲಿಕ್ಕೆ.

ಹಳೆಯ ದಾಖಲೆ ಖಾನಾಪುರ ತಾಲ್ಲೂಕಿನ ಹಲಸಿಯಲ್ಲೇ ಸಿಕ್ಕಿದೆ. ಇವತ್ತು ಭೂವರಾಹ ನರಸಿಂಹನ ಗುಡಿಗೆ ಜನ ಹೋಗುವ ಈ ಹಳ್ಳಿ ಒಂದು ಕಾಲಕ್ಕೆ ಪಲಾಶಿಕಾ, ಕದಂಬರ ಎರಡನೆಯ ರಾಜಧಾನಿ. ಅಲ್ಲಿ ದೊರೆತು, ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದ ತಾಮ್ರಪಟಗಳಲ್ಲಿ ಒಂದು ಕಾಕುಸ್ಥವರ್ಮನದು. ಸುಮಾರು 5ನೇ ಶತಮಾನ. ಯುವರಾಜನಾಗಿದ್ದ ಕಾಕುಸ್ಥವರ್ಮ ತನ್ನನ್ನು ಅಪಾಯದಿಂದ ಪಾರು ಮಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟವೆಂಬ ಊರಿನಲ್ಲಿ ಹೊಲ ಕೊಟ್ಟ. ದುಡ್ಡಲ್ಲ, ನೆಲ. ಅದೂ ತಾಮ್ರದ ಮೇಲೆ ಕೊರೆಸಿ, ಕಿತ್ತುಕೊಂಡವರಿಗೆ ಪಾಪ ಬರೆಸಿ. ಮುಂದಿನ 1,400 ವರ್ಷ ಈ ಸೀಮೆಯ ದೊಡ್ಡ ಸೇವೆಗಳ ಕೂಲಿ ಬಹುಪಾಲು ಹೀಗೆಯೇ ಸಂದಾಯವಾಯಿತು. ಉಂಬಳಿ, ಮಾನ್ಯ, ಇನಾಮು, ವತನ: ಹೆಸರು ಆಳುವವರ ಜೊತೆ ಬದಲಾಯಿತು, ಪದ್ಧತಿ ಬದಲಾಗಲಿಲ್ಲ.

ಸಣ್ಣ ಸೇವೆಗಳಿಗೆ ಕಾಳು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದವರು ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಖಾನಾಪುರದ ಮಳೆಸೀಮೆಯಲ್ಲಿ ಆ ಆಯ ಎಂದರೆ ಭತ್ತ, ಪೂರ್ವದ ಬಯಲಲ್ಲಿ ಜೋಳ. ರಾಶಿ ಅಳೆಯುವ ಮೊದಲೇ ಆಯಗಾರನ ಪಾಲು ತೆಗೆಯಬೇಕು ಎಂಬುದು ರೂಢಿ. ಇದನ್ನು ಈಗ ಕೆಲವರು ಸ್ವರ್ಣಯುಗದಂತೆ ನೆನೆಯುತ್ತಾರೆ. ಕಣದ ಅಂಚಿನಲ್ಲಿ ಕೈಚಾಚಿ ನಿಲ್ಲಬೇಕಾದವರ ಮನೆಯಲ್ಲಿ ಕೇಳಿದರೆ ನೆನಪು ಬೇರೆಯಾಗಿರುತ್ತದೆ. ಬೆಳೆ ಹೋದ ವರ್ಷ ಕೆಲಸವೇನೂ ಕಡಿಮೆಯಾಗುತ್ತಿರಲಿಲ್ಲ, ಆಯ ಮಾತ್ರ ಕಡಿಮೆಯಾಗುತ್ತಿತ್ತು.

ಪಗಾರ ಎಂಬ ಪದ ಘಟ್ಟ ಹತ್ತಿದ್ದು 1510ರ ಆಮೇಲೆ. ಆ ವರ್ಷ ಅಲ್ಬುಕರ್ಕ್ ಬಿಜಾಪುರದವರಿಂದ ಗೋವೆ ಕಸಿದುಕೊಂಡ. ಬೆಳಗಾವಿಯ ಕೋಟೆ ಆಗ ಆದಿಲಶಾಹಿಗಳದ್ದು. ಬಹುಕಾಲ ಅದನ್ನು ಹಿಡಿದಿದ್ದವನು ಅಸದ್ ಖಾನ್ ಲಾರಿ. ಪೋರ್ಚುಗೀಸರ ಕಾಗದಪತ್ರಗಳಲ್ಲಿ ಮತ್ತೆಮತ್ತೆ ಬರುವ, ನಂಬಲೂ ಆಗದ ಬಿಡಲೂ ಆಗದ ನೆರೆಯವನು ಅವನು. ಬೆಳಗಾವಿಯ ಈಗಿನ ಕ್ಯಾಂಪಿನಲ್ಲಿ, ಅಂದರೆ ದಂಡಿನ ಪ್ರದೇಶದಲ್ಲಿ, ಅವನ ಹೆಸರಿನ ದರ್ಗಾ ಇದೆ. ಬಿಜಾಪುರದ ಗದ್ದುಗೆಗೆ ಹಕ್ಕು ಹೇಳುವ ರಾಜಕುಮಾರನೊಬ್ಬ ಗೋವೆಯಲ್ಲಿ ಪೋರ್ಚುಗೀಸರ ಆಸರೆಯಲ್ಲಿ ಕೂತಿದ್ದ. ಪೋರ್ಚುಗೀಸರು ಅವನನ್ನು ಮಿಯಾಲೆ ಎಂದು ಕರೆಯುತ್ತಿದ್ದರು. ಅವನನ್ನು ದೂರ ಇಡುವುದಾದರೆ ಬಾರ್ದೇಶ ಮತ್ತು ಸಾಸಷ್ಟಿ ಎರಡೂ ಸೀಮೆ ನಿಮಗೆ ಎಂದು 1543ರಲ್ಲಿ ಇಬ್ರಾಹಿಂ ಆದಿಲ್ ಶಾಹ ಗವರ್ನರ್ ಮಾರ್ತಿಮ್ ಅಫೋನ್ಸೊ ದೆ ಸೌಜಾಗೆ ಬಿಟ್ಟುಕೊಟ್ಟ. ಗಲಾಟೆ ಮಾಡಬಹುದಾದವನ ಬಾಯಿ ಮುಚ್ಚಿಸಲು ಕೊಟ್ಟ ಬೆಲೆ ಅದು, ಪಾಕಾರೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸೀಮೆಗಳನ್ನು ಪೋರ್ಚುಗೀಸರು ಇಟ್ಟುಕೊಂಡರು. ರಾಜಕುಮಾರನನ್ನೂ ಇಟ್ಟುಕೊಂಡರು.

ಪಗಾರ ಎಂಬ ಪದ ಬಂದದ್ದು ಇಂಥ ದರಬಾರಿನ ದಾರಿಯಲ್ಲಲ್ಲ. ಜೊತೆಗೆ ಬಂದ ಪದಗಳನ್ನು ನೋಡಿದರೆ ದಾರಿ ಗೊತ್ತಾಗುತ್ತದೆ: ಚಾವಿ, ಬಟಾಟಿ, ಪಾವು, ಪೇರಲ, ಇಸ್ತ್ರಿ, ಸಾಬೂನು, ಲಿಲಾವು, ಪಿಪಾಯಿ. ರಾಜನೀತಿಯದು ಒಂದೂ ಇಲ್ಲ. ಅಡುಗೆಮನೆ, ಬಂದರು, ಉಗ್ರಾಣ, ಕಟ್ಟಡ. ಒಂದು ಹಾದಿ ಗೋವೆಯಿಂದ ನೇರ ಘಟ್ಟ ಹತ್ತಿ ಖಾನಾಪುರಕ್ಕೆ, ಎತ್ತಿನ ಹೇರುಗಳ ಹಾದಿ. ಇನ್ನೊಂದು ಸುತ್ತಿನ ಹಾದಿ: ಗೋವೆಯ ಬಟ್ಲರು, ಅಡುಗೆಯವರು, ದರ್ಜಿಗಳು ಮುಂಬಯಿಯ ಇಂಗ್ಲಿಷ್ ಬಂಗಲೆಗಳಿಗೆ ಹೋಗಿ, ಆ ಸಾಹೇಬರ ಸಾಮಾನಿನ ಜೊತೆ ದಂಡಿನ ಊರುಗಳಿಗೆ ಬಂದದ್ದು. ಯೂಲ್ ಮತ್ತು ಬರ್ನೆಲ್ ಹಿಡಿದದ್ದು ಈ ಎರಡನೆಯದನ್ನು. ಎರಡೂ ಹಾದಿ ಬೆಳಗಾವಿಯಲ್ಲಿ ಕೂಡಿದವು. ತಿಂಗಳು ತುಂಬಿದೊಡನೆ ಕೈಗೆ ರೊಕ್ಕ ಎಂಬ ಹೊಸ ಪದ್ಧತಿಗೆ ಹೊಸ ಹೆಸರೇ ನಿಂತಿತು. ಉಂಬಳಿ ಎಂದರೆ ನೆಲ, ಆಯ ಎಂದರೆ ಕಾಳು, ಹಳೆಯ ಯಾವ ಪದವೂ ಇದಕ್ಕೆ ಹೊಂದುತ್ತಿರಲಿಲ್ಲ.

ರೊಕ್ಕದ ಸಂಬಳಕ್ಕೆ ದೊಡ್ಡ ಗಿರಾಕಿ ಸೈನ್ಯ. 18ನೇ ಶತಮಾನದ ಕೊನೆಯ ಮರಾಠಾ ಸೈನ್ಯಗಳ ಚರಿತ್ರೆಯನ್ನು ಯುದ್ಧಗಳ ಚರಿತ್ರೆ ಎನ್ನುವುದಕ್ಕಿಂತ ಬಾಕಿ ಸಂಬಳದ ಚರಿತ್ರೆ ಎನ್ನಬಹುದು. ನಿಪ್ಪಾಣಿಯ ಆಚೆ ದಂಡೆಯಂತಿರುವ ಕಾಗಲದ ಸರ್ಜೇರಾವ್ ಘಾಟಗೆ 1798ರಲ್ಲಿ ಪುಣೆಯ ಸಾಹುಕಾರರನ್ನೂ ಬ್ರಾಹ್ಮಣರನ್ನೂ ಹಿಂಸಿಸಿ ಹಣ ಕಿತ್ತದ್ದು ಏಕೆ? ತನ್ನ ಅಳಿಯ ದೌಲತರಾವ್ ಸಿಂಧೆಯ ಸೈನಿಕರ ಬಾಕಿ ತೀರಿಸಲಿಕ್ಕೆ. ಸೈನಿಕರ ಕೈಯಲ್ಲೂ ಅಸ್ತ್ರಗಳಿದ್ದವು. ಒಂದು ತಗಾದೆ: ಸರದಾರನ ಡೇರೆಗೆ ಮುತ್ತಿಗೆ ಹಾಕಿ ಬಾಕಿ ಕೇಳುವುದು. ಇನ್ನೊಂದು ಧರಣಿ: ಬಾಕಿದಾರನ ಬಾಗಿಲಲ್ಲಿ ಉಪವಾಸ ಕೂರುವುದು, ಒಳಗಿದ್ದವನೂ ಆಗ ಉಣ್ಣುವಂತಿಲ್ಲ. 1809ರಲ್ಲಿ ಸಿಂಧೆಯ ದಂಡಿನ ಜೊತೆ ಇದ್ದ ಇಂಗ್ಲಿಷ್ ಅಧಿಕಾರಿ ಟಾಮಸ್ ಬ್ರಾಟನ್ ಬಾಕಿ ವಸೂಲಿಯ ಈ ಧರಣಿಗಳನ್ನು ತನ್ನ ಪತ್ರಗಳಲ್ಲಿ ಬಣ್ಣಿಸಿದ್ದಾನೆ. ಉತ್ತರ ಕರ್ನಾಟಕದಲ್ಲಿ ತಗಾದೆ, ಧರಣಿ ಎರಡೂ ಇವತ್ತಿಗೂ ದಿನಬಳಕೆಯ ಮಾತು.

ಈಸ್ಟ್ ಇಂಡಿಯಾ ಕಂಪನಿ ಗೆದ್ದದ್ದು ಬಹುಮಟ್ಟಿಗೆ ಇದೇ ಬಿರುಕಿನಲ್ಲಿ. ಸಿಪಾಯಿಗೆ ತಿಂಗಳಿಗೆ 7 ರೂಪಾಯಿ, ಹೆಚ್ಚೇನಲ್ಲ, ಆದರೆ ಹೇಳಿದ ಹೊತ್ತಿಗೆ. ಅದರ ಅಧಿಕಾರಿ ಟಾಮಸ್ ಮನ್ರೋ 1817ರಲ್ಲಿ ಧಾರವಾಡದಿಂದ ಹೊರಟಾಗ ಅವನ ಹತ್ತಿರ ಖಾಯಂ ಪಡೆ ಕೊಂಚವೇ ಇತ್ತು. ಊರೂರಿನ ಬಂಟರನ್ನು ರೊಕ್ಕಕ್ಕೆ ಸೇರಿಸಿಕೊಂಡು ಅವರಿಂದಲೇ ಠಾಣೆಗಳನ್ನು ಹಿಡಿಸಿದ, ಅವರಿಂದಲೇ ಕಂದಾಯ ಎತ್ತಿಸಿದ, ಆ ಕಂದಾಯದಿಂದಲೇ ಅವರಿಗೆ ಸಂಬಳ ಕೊಟ್ಟ. 1818ರ ಏಪ್ರಿಲ್ 10ಕ್ಕೆ ಬೆಳಗಾವಿ ಕೋಟೆ ಬಿತ್ತು. ಮುಂದೆ 1832ರಲ್ಲಿ ದಂಡಿನ ಪ್ರದೇಶ, 1836ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ, 1838ರಲ್ಲಿ ಜಿಲ್ಲಾ ಕೇಂದ್ರ. ಹಾಲು, ಹುಲ್ಲು, ಬ್ರೆಡ್ಡು, ಬಟ್ಟೆ, ಬೂಟು: ಕ್ಯಾಂಪಿಗೆ ಬೇಕಾದದ್ದನ್ನೆಲ್ಲ ರೊಕ್ಕಕ್ಕೇ ಕೊಳ್ಳುವ, ಪ್ರತಿ ತಿಂಗಳೂ ರೊಕ್ಕ ಚೆಲ್ಲುವ ಊರು ಬೆಳಗಾವಿ ಆಯಿತು.

ಕಂಪನಿ ಸೈನ್ಯದ ಸಂಬಳದ ಜೊತೆ ಇನ್ನೊಂದು ಬಾಬ್ತು ಇತ್ತು: ಬತ್ತಾ. ಠಾಣೆ ಬಿಟ್ಟು ದಂಡಯಾತ್ರೆಗೆ ಹೊರಟಾಗ ಸಿಗುವ ಹೆಚ್ಚಿನ ಹಣ. ಇದರ ಮೂಲ ಹುಡುಕುತ್ತ ಹೋದ ಯೂಲ್ ಮತ್ತು ಬರ್ನೆಲ್ ಬೆರಳು ತೋರಿಸಿದ್ದು ಕನ್ನಡದ ಭತ್ತಕ್ಕೆ. ಪೋರ್ಚುಗೀಸರು ಕರಾವಳಿಯಲ್ಲಿ ಆ ಮಾತನ್ನು ಎತ್ತಿಕೊಂಡು ಹೊಟ್ಟೆಪಾಡಿನ ಖರ್ಚು ಎಂಬ ಅರ್ಥಕ್ಕೆ ಹಚ್ಚಿದರು, ಇಂಗ್ಲಿಷರು ಅವರಿಂದ ಪಡೆದರು. ಲೆಕ್ಕ ಸರಿಹೋಯಿತು ಅನ್ನಬೇಕು: ಲ್ಯಾಟಿನ್ನಿನಿಂದ ನಮಗೆ ಪಗಾರ, ಖಾನಾಪುರದ ಗದ್ದೆಗಳಲ್ಲಿ ಬೆಳೆಯುವುದರಿಂದ ಅವರಿಗೆ ಬತ್ತಾ. ಈ ಭತ್ತದ ಹೆಸರಲ್ಲಿ ಕ್ಲೈವ್‌ನಂಥ ಕ್ಲೈವ್ ಬೆವರಿದ್ದುಂಟು. ಬತ್ತಾ ಕಡಿತ ಮಾಡಿದ್ದಕ್ಕೆ 1766ರಲ್ಲಿ ಬಂಗಾಳದ ಬಿಳಿಯ ಅಧಿಕಾರಿಗಳೇ ದಂಗೆ ಎದ್ದು ಸಾಮೂಹಿಕ ರಾಜೀನಾಮೆ ಬೀಸಿದರು. ಸರ್ಕಾರಿ ನೌಕರರ ಸಂಬಳಚೀಟಿಯಲ್ಲಿ ತುಟ್ಟಿಭತ್ಯೆ ಎಂಬ ಸಾಲು ಇದ್ದೇ ಇದೆ. ಅನ್ನ ಎಂಬರ್ಥದ ಸಂಸ್ಕೃತದ ಭಕ್ತದಿಂದಲೇ ಭತ್ತವೂ ಭತ್ಯೆಯೂ ಬಂದದ್ದು.

ರೊಕ್ಕದ ಈ ಹೊಸ ಲೆಕ್ಕ ನೆಲದ ಹಳೆಯ ಲೆಕ್ಕಕ್ಕೆ ಡಿಕ್ಕಿ ಹೊಡೆದ ಜಾಗವೂ ಖಾನಾಪುರ ತಾಲ್ಲೂಕೇ. ಕಿತ್ತೂರು ಸಂಸ್ಥಾನದ ಬಂಟರು ಶೇತಸನದಿಗಳು. ಶೇತ ಎಂದರೆ ಹೊಲ, ಸನದು ಎಂದರೆ ಹಕ್ಕುಪತ್ರ. ಹೊಲ ಉಣ್ಣು, ಕರೆದಾಗ ಕತ್ತಿ ಹಿಡಿದು ಬಾ ಎಂಬ ಕರಾರು. ಸಂಗೊಳ್ಳಿಯ ರಾಯಣ್ಣ ಅಂಥವನು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಹತನಾದ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಪಡೆ ತಂದು ಕೋಟೆ ಹಿಡಿಯಿತು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಆಮೇಲೆ ಶುರುವಾದದ್ದು ಲೆಕ್ಕ. ಸಂಸ್ಥಾನವೇ ಇಲ್ಲವಾದ ಮೇಲೆ ಶೇತಸನದಿ ಯಾರ ಸೇವೆಗೆ ಹೊಲ ಉಣ್ಣುತ್ತಿದ್ದಾನೆ ಎಂದು ಕಂದಾಯದ ಕಾರಕೂನ ಕೇಳಿದ. ಕಾರಕೂನನ ಪ್ರಶ್ನೆ ಅವನ ಪುಸ್ತಕದ ಪ್ರಕಾರ ಸರಿಯೇ ಇತ್ತು. ಹೊಲ ಅಜ್ಜನ ರಕ್ತಕ್ಕೆ ಸಿಕ್ಕದ್ದು ಎಂಬುದು ರಾಯಣ್ಣನಂಥವರ ಪುಸ್ತಕದ ಪ್ರಕಾರ ಸರಿ.

1830ರ ಆರಂಭದಲ್ಲಿ ರಾಯಣ್ಣನ ಗುಂಪು ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿತು. ಬೀಡಿ ಈಗ ಖಾನಾಪುರ ತಾಲ್ಲೂಕಿನ ಒಂದು ಊರು, ಆಗ ಅಲ್ಲಿ ಕಂದಾಯದ ದಫ್ತರ. ಸುಟ್ಟದ್ದು ಕಾಗದವನ್ನು, ಅಂದರೆ ಯಾರ ಹೊಲ ಯಾರದು, ಯಾರು ಎಷ್ಟು ಕೊಡಬೇಕು ಎಂಬ ಪಟ್ಟಿಗಳನ್ನು. ಈ ಒಂದು ಸಂಗತಿಯನ್ನು ನಾಟಕ, ಸಿನಿಮಾಗಳು ಕತ್ತಿಯ ಕಾಳಗದ ನಡುವೆ ಹಾರಿಸಿಬಿಡುತ್ತವೆ. ಬಂಡಾಯ ಕೆಲವೇ ತಿಂಗಳಲ್ಲಿ ಮುಗಿಯಿತು. ಹಿಡಿದುಕೊಟ್ಟವರಿಗೆ ಇನಾಮು ಸಿಕ್ಕಿತು; ಹಳೆಯ ಪದ್ಧತಿ ತನಗೆ ಬೇಕಾದಾಗ ಕಂಪನಿಗೂ ಚೆನ್ನಾಗಿಯೇ ಗೊತ್ತಿತ್ತು. 1831ರ ಜನವರಿ 26ರಂದು ನಂದಗಡದ ಹೊರಗೆ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಲ್ಲಿನ ಆಲದ ಮರಕ್ಕೆ ಮಕ್ಕಳಿಲ್ಲದವರು ಈಗಲೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಸೀಸರ್ ಬಳಸಿದ ಅರ್ಥದಲ್ಲಿ ಸೀಮೆ ಶಾಂತವಾಯಿತು.

ಖಾನಾಪುರದ ಕಾಡಿಗೆ ರೊಕ್ಕದ ಕೂಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ರೈಲಿನ ಜೊತೆ. ಆ ರೈಲಿನ ಹಿಂದೆ ಉಪ್ಪಿನ ಕತೆಯೊಂದಿದೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ನೂ ಪೋರ್ಚುಗಲ್ಲೂ ಒಂದು ಒಪ್ಪಂದಕ್ಕೆ ಬಂದವು. ಗೋವೆಯ ಅಗ್ಗದ ಉಪ್ಪು ಲಂಬಾಣಿಗಳ ಎತ್ತಿನ ಮೇಲೆ ಘಟ್ಟ ಹತ್ತಿ ಬರುವುದು ಬ್ರಿಟಿಷರ ಉಪ್ಪಿನ ತೆರಿಗೆಗೆ ಕಂಟಕವಾಗಿತ್ತು. ಹಾಗಾಗಿ ಗೋವೆಯ ಉಪ್ಪಿನ ಹಿಡಿತ ನಮಗೆ ಬಿಡಿ, ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡುತ್ತೇವೆ ಎಂದರು. ಕೊಟ್ಟರು ಕೂಡ, 1892ರಲ್ಲಿ ಒಪ್ಪಂದ ಮುಗಿಯುವವರೆಗೆ. ಪಣಜಿಯ ಖಜಾನೆ ತಣ್ಣಗಾಯಿತು, ಉಪ್ಪಿನಾಗರದವರ ಹೊಟ್ಟೆ ಉರಿಯಿತು. ಇಲ್ಲಿ ಒಂದು ಮಾತು: ಇಂಗ್ಲಿಷಿನ 'ಸ್ಯಾಲರಿ' ಲ್ಯಾಟಿನ್ನಿನ ಉಪ್ಪಿನಿಂದ, ಸಾಲ್ ಎಂಬುದರಿಂದ ಹುಟ್ಟಿದ್ದು ನಿಜ, ರೋಮ್‌ನ ಸೈನಿಕರಿಗೆ ಸಂಬಳವನ್ನೇ ಉಪ್ಪಿನಲ್ಲಿ ಕೊಡುತ್ತಿದ್ದರು ಎಂದು ಭಾಷಣಗಳಲ್ಲಿ ಹೇಳುವುದಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ. ಉಪ್ಪಿಗೆ ಸಂಬಂಧಿಸಿ ಖಾಯಂ ವರ್ಷಾಶನ ಪಡೆದವರು ಬೇಕಾದರೆ 1880ರ ದಶಕದ ಗೋವೆಯ ಸರ್ಕಾರವನ್ನು ತೋರಿಸಬಹುದು.

ಅದೇ ಒಪ್ಪಂದದ ಇನ್ನೊಂದು ಫಲ ಮುರಗಾಂವ್ ಬಂದರಿನಿಂದ ಘಟ್ಟ ಹತ್ತುವ ರೈಲು. 1880ರ ದಶಕದ ಕೊನೆಗೆ ಅದು ಕ್ಯಾಸಲ್ ರಾಕ್‌ನಲ್ಲಿ ಸದರ್ನ್ ಮರಾಠಾ ರೈಲ್ವೆಗೆ ಕೂಡಿತು, ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ಆಯಿತು, ಬೆಳಗಾವಿಗೂ ಗಾಡಿ ಬಂತು. ಸುರಂಗ ಕೊರೆಯುವ, ಜಲ್ಲಿ ಒಡೆಯುವ, ಹಳಿ ಹೊರುವ ಗ್ಯಾಂಗುಗಳಿಗೆ ಆಯವೂ ಇಲ್ಲ ಉಂಬಳಿಯೂ ಇಲ್ಲ; ಹಜೇರಿ, ಬಟವಡೆ, ಪಗಾರ. ಕಾಡಂಚಿನ ಹಳ್ಳಿಯವನೊಬ್ಬ ಊರಗೌಡನ ಕಣದ ಕಡೆ ಮುಖ ಮಾಡದೆ ವರ್ಷ ಕಳೆಯಬಹುದು ಎಂಬುದು ಹೊಸ ಸಂಗತಿ. ಜಾತಿ ಕೇಳದೆ ಕೈಗೆ ಬೀಳುವ ರೊಕ್ಕ ಎಂಬ ಬಿಡುಗಡೆಯೂ ಅದರಲ್ಲಿತ್ತು. ಕಾಡಿನ ಮಲೇರಿಯಾಕ್ಕೆ ಮಾತ್ರ ಯಾವ ಬತ್ತಾವೂ ಸಾಲುತ್ತಿರಲಿಲ್ಲ.

ಇಷ್ಟಾದ ಮೇಲೆ, ರೊಕ್ಕ ಸಾಕು, ಬೇರೆ ಯಾವುದರಲ್ಲಾದರೂ ಸಂದಾಯ ಮಾಡೋಣ ಎಂಬ ವಿಚಿತ್ರ ಪ್ರಯೋಗವೂ ಬೆಳಗಾವಿಯಲ್ಲೇ ಮೊಹರು ಒತ್ತಿಸಿಕೊಂಡಿತು. 1924ರ ಡಿಸೆಂಬರ್ 26 ಮತ್ತು 27ರಂದು ಈಗಿನ ಟಿಳಕವಾಡಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಎಲ್ಲರೂ ನೆನೆಯುವುದು ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಎಂದು. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ನಡೆಸಿದ್ದು ಎಂದು. ಆಗ ತೋಡಿದ ಕಾಂಗ್ರೆಸ್ ಬಾವಿ ಇನ್ನೂ ಇದೆ ಎಂದು. ಆ ಅಧಿವೇಶನ ಒಪ್ಪಿದ ನಿಯಮವೊಂದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನಾಲ್ಕಾಣೆ ಚಂದಾ ಕೊಟ್ಟು ಕಾಂಗ್ರೆಸ್ ಸದಸ್ಯರಾಗುವುದು ಬಂದ್. ಇನ್ನು ಮುಂದೆ ಸದಸ್ಯರು ತಿಂಗಳಿಗೆ 2,000 ಗಜ ನೂಲು ಸಲ್ಲಿಸಬೇಕು. ಸ್ವತಃ ನೂತರೆ ಸರಿ, ಆಗದವರು ನೂಲಿಸಿ ತಂದುಕೊಡಬೇಕು. ನವೆಂಬರಿನಲ್ಲಿ ಗಾಂಧಿ, ಚಿತ್ತರಂಜನ ದಾಸ್, ಮೋತಿಲಾಲ ನೆಹರೂ ಕಲಕತ್ತೆಯಲ್ಲಿ ಮಾಡಿಕೊಂಡ ಒಪ್ಪಂದದ ಭಾಗ ಅದು. ಕೌನ್ಸಿಲುಗಳಿಗೆ ಹೋಗುವವರು ಹೋಗಲಿ, ಆದರೆ ನೂಲಲಿ: ಒಡೆದ ಪಕ್ಷವನ್ನು ಸಮಾಧಾನಕ್ಕೆ ತಂದ ರಾಜಿ.

ಆ ರಾಜಿಯನ್ನು ಇಂಗ್ಲಿಷ್ ಪತ್ರಿಕೆಗಳು ಕರೆದದ್ದು ಪ್ಯಾಕ್ಟ್ ಎಂದು. ಅದೂ ಲ್ಯಾಟಿನ್ ಪಾಕ್ಸ್‌ನ ಬಳಗವೇ. ಕಟ್ಟು, ಬಿಗಿ ಎಂಬ ಬಹು ಹಳೆಯ ಧಾತುವಿನ ಕೊಂಬೆಗಳು ಇವು. ಸಂಸ್ಕೃತದಿಂದ ನಮಗೆ ಬಂದ ಪಾಶವನ್ನೂ ಭಾಷಾಶಾಸ್ತ್ರಜ್ಞರು ಇದೇ ಮರಕ್ಕೆ ಸೇರಿಸುತ್ತಾರೆ. ನೂಲಿನ ಪಾಶ ಮಾತ್ರ ಬಿಗಿಯಾಗಿ ನಿಲ್ಲಲಿಲ್ಲ. ಸದಸ್ಯರ ಸಂಖ್ಯೆ ಕುಸಿಯಿತು. ಹಲವರು ಪೇಟೆಯಲ್ಲಿ ನೂಲು ಕೊಂಡು ಕಟ್ಟಿದರು, ಹಾಗಾದರೆ ಅದು ರೊಕ್ಕವೇ ಆಯಿತಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನಾಲ್ಕಾಣೆಯನ್ನು ವಾಪಸು ತಂದಿತು, ಬೇಕಾದವರಿಗೆ ನೂಲು ಇರಲಿ ಎಂದು.

ಇದೆಲ್ಲ ನಡೆಯುವಾಗ ಮೂಲ ಲ್ಯಾಟಿನ್ ಕ್ಯಾಂಪಿನಲ್ಲಿ ದಿನವೂ ಕೇಳುತ್ತಿತ್ತು. ಇಲ್ಲಿ ಜೆಸುಯಿಟ್ ಪಾದ್ರಿಗಳ ಸೇಂಟ್ ಪಾಲ್ಸ್ ಶಾಲೆ 1856ರದು. ಬೆಳಗಾವಿ ಸ್ವತಂತ್ರ ಧರ್ಮಪ್ರಾಂತ್ಯವಾದದ್ದು 1953ರಲ್ಲಿ. 1960ರ ದಶಕದ ಎರಡನೆಯ ವ್ಯಾಟಿಕನ್ ಸಭೆ ಪೂಜೆಯನ್ನು ಜನರ ಭಾಷೆಗೆ ತರುವವರೆಗೆ ಈ ಚರ್ಚುಗಳಲ್ಲಿ ಬಲಿಪೂಜೆ ಲ್ಯಾಟಿನ್ನಿನಲ್ಲೇ. ಪಾದ್ರಿ ಪಾಕ್ಸ್ ಎಂದು ಶಾಂತಿ ಹಾರೈಸುತ್ತಿದ್ದ. ಗೋವೆಯ ಮೂಲದ ಬೇಕರಿಯವ, ಬ್ಯಾಂಡಿನವ, ದರ್ಜಿ ಅದನ್ನು ಕೇಳಿ, ಹೊರಗೆ ಬಂದು ಪಗಾರದ ಮಾತಾಡುತ್ತಿದ್ದರು. ಎರಡೂ ಒಂದೇ ಬೇರಿನ ಚಿಗುರು ಎಂಬುದು ಅವರಲ್ಲಿ ಯಾರಿಗೂ ತಿಳಿಯಬೇಕಾದ ಅಗತ್ಯವೇನೂ ಇರಲಿಲ್ಲ.

ಪಗಾರಕ್ಕೆ ಕಾನೂನಿನ ಬೇಲಿ ಬಂದದ್ದು 1936ರ ವೇತನ ಪಾವತಿ ಕಾಯ್ದೆಯಿಂದ. ಅದರ ಪ್ರಕಾರ ಸಂಬಳವನ್ನು ಚಲಾವಣೆಯ ನಾಣ್ಯ, ನೋಟುಗಳಲ್ಲೇ ಕೊಡಬೇಕಿತ್ತು. ಸಾವಿರಕ್ಕಿಂತ ಕಡಿಮೆ ಆಳುಗಳಿದ್ದ ಕಾರ್ಖಾನೆಯಲ್ಲಿ ತಿಂಗಳು ಮುಗಿದ 7 ದಿನದೊಳಗೆ, ದೊಡ್ಡದರಲ್ಲಿ 10 ದಿನದೊಳಗೆ. ಮುಂದೆ ಉದ್ಯಮಬಾಗದ ಫೌಂಡ್ರಿಗಳು, 1969ರ ಹೊತ್ತಿಗೆ ಬಂದ ಅಲ್ಯೂಮಿನಿಯಂ ಕಾರ್ಖಾನೆ ಎಲ್ಲದರ ತಿಂಗಳ ಲೆಕ್ಕವೂ ಈ ಚೌಕಟ್ಟಿನಲ್ಲೇ ಓಡಿತು. ಬೆಳಗಾವಿಯ ಮಾತಿನಲ್ಲಿ ಪಗಾರಸ್ಥ ಎಂದರೆ ಹೆಣ್ಣು ಕೊಡಬಹುದಾದವನು. 'ಬಿನ್ ಪಗಾರಿ, ಫುಲ್ ಅಧಿಕಾರಿ' ಎಂಬ ಮರಾಠಿ ಗಾದೆಯನ್ನು ಕನ್ನಡದವರೂ ಹಾಗೇ ಎತ್ತಿ ಆಡುತ್ತಾರೆ; ಕಾಸು ಪಡೆಯದೆ ಎಲ್ಲರ ಮೇಲೂ ದರ್ಪ ಮಾಡುವವನಿಗೆ ಅದು.

ನೆಲದ ಲೆಕ್ಕ ಚುಕ್ತಾ ಆದದ್ದು ಇನ್ನೂ ತಡವಾಗಿ. 1956ರಲ್ಲಿ ಬೆಳಗಾವಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯ ಪಟೇಲಿಕೆ, ಶ್ಯಾನುಭೋಗಿಕೆ ಹಾಗೂ ತಳವಾರ, ವಾಲೀಕಾರರಂಥ ಕೆಳಗಿನ ಸೇವೆಗಳನ್ನು ಕೊನೆಗಾಣಿಸಿತು. 1963ರಲ್ಲಿ ಜಾರಿಗೆ ಬಂತು. ವತನದ ಜಮೀನು ಮೊದಲು ಸರ್ಕಾರಕ್ಕೆ, ಆಮೇಲೆ ಹಿಡುವಳಿ ಬೆಲೆ ಕಟ್ಟಿದರೆ ಮರುಮಂಜೂರಾತಿ. ಅಂದರೆ ಶತಮಾನಗಳ ಕಾಲ ಸಂಬಳವಾಗಿ ಉಂಡ ಹೊಲಕ್ಕೆ ಉಂಡವರೇ ತಿರುಗಿ ಹಣ ಕಟ್ಟಬೇಕಾಯಿತು. ಪಟೇಲರು ಕಟ್ಟಿದರು. ತಳವಾರರ, ವಾಲೀಕಾರರ ಕೈಯಲ್ಲಿ ಅನೇಕ ಕಡೆ ರೊಕ್ಕವೂ ಇರಲಿಲ್ಲ, ಕಾಗದವೂ ಇರಲಿಲ್ಲ. ಮಾರಿಕೊಂಡು ಹೋಗದಿರಲೆಂದು 1978ರಲ್ಲಿ ತಿದ್ದುಪಡಿ ಬರುವ ಹೊತ್ತಿಗೆ ಎಷ್ಟೋ ತುಂಡುಗಳು ಕೈಬದಲಾಗಿದ್ದವು. ಆ ವ್ಯಾಜ್ಯಗಳು ಉಪವಿಭಾಗಾಧಿಕಾರಿ ಕಚೇರಿಯ ಕಪಾಟುಗಳಿಂದ ಪೂರ್ತಿ ಇಳಿದಿಲ್ಲ. ಶ್ಯಾನುಭೋಗನ, ಅಂದರೆ ಇಲ್ಲಿನ ಕುಲಕರ್ಣಿಯ, ಜಾಗಕ್ಕೆ ಸರ್ಕಾರಿ ಪಗಾರದ ಗ್ರಾಮ ಲೆಕ್ಕಿಗ ಬಂದ. ಈ ಸೀಮೆಯಲ್ಲಿ ಜನ ಅವನನ್ನು ಇನ್ನೂ ತಲಾಠಿ ಎಂದೇ ಕರೆಯುತ್ತಾರೆ. ವಾಲೀಕಾರನ ಜಾಗಕ್ಕೆ ಬಂದ ಗ್ರಾಮ ಸಹಾಯಕನಿಗೆ ಪಗಾರ ಬರಲಿಲ್ಲ, ಗೌರವಧನ ಬಂತು.

2012ರ ಅಕ್ಟೋಬರ್ 11ರಂದು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನ ಕೂಡುವಾಗಲೆಲ್ಲ ಹತ್ತಿರದ ಬಸ್ತವಾಡ, ಕೊಂಡಸಕೊಪ್ಪಗಳಲ್ಲಿ ಪೊಲೀಸರು ಗೊತ್ತುಪಡಿಸಿದ ಬಯಲಿನಲ್ಲಿ ಪೆಂಡಾಲುಗಳು ಏಳುತ್ತವೆ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಬಿಸಿಯೂಟದವರು, ಅತಿಥಿ ಉಪನ್ಯಾಸಕರು, ಗ್ರಾಮ ಸಹಾಯಕರು ಅಲ್ಲಿ ಧರಣಿ ಕೂರುತ್ತಾರೆ. ಬೇಡಿಕೆಗಳ ಪಟ್ಟಿ ಉದ್ದವಿದ್ದರೂ ಮೊದಲ ಸಾಲು ಸಾಮಾನ್ಯವಾಗಿ ಒಂದೇ: ಗೌರವಧನ ಬೇಡ, ಪಗಾರ ಕೊಡಿ. ಸಂಜೆ ಹೊತ್ತಿಗೆ ಮಂತ್ರಿಯೊಬ್ಬರು ಬಂದು, ಮನವಿ ಪತ್ರ ತೆಗೆದುಕೊಂಡು, ಹಣಕಾಸು ಇಲಾಖೆಯ ಜೊತೆ ಮಾತಾಡುವುದಾಗಿ ಹೇಳಿ ಹೋಗುತ್ತಾರೆ. ಕೆಲವು ಪೆಂಡಾಲು ಅಂದೇ ಇಳಿಯುತ್ತವೆ, ಕೆಲವು ಅಧಿವೇಶನ ಮುಗಿಯುವವರೆಗೆ ಇರುತ್ತವೆ.